ಟವರ್ ಇಲ್ಲದ ಕಡೆ ಲಿನಕ್ಸ್ ಕಮಾಂಡ್ ಬಾಯಿಗೆ ಬಂದಿದ್ದು ಹೀಗೆ

ನಾನು ಅಂಕಿ ಅನ್ನೋ ಆಪಲ್ಲಿ (ಪ್ರಶ್ನೆ-ಉತ್ತರದ ಕಾರ್ಡುಗಳನ್ನ ಮರೆಯೋ ಹೊತ್ತಿಗೆ ಮತ್ತೆ ತೋರಿಸೋ ಆಪ್) ಲಿನಕ್ಸ್ ಕಮಾಂಡ್ ಕಲಿಯೋಕೆ ಶುರು ಮಾಡಿದಾಗ, ಗೂಗಲ್ ಇದೆ, ಈಗ ಎಐ ಬೇರೆ ಇದೆ, ಇವತ್ತಿನ ಕಾಲದಲ್ಲಿ ಕಮಾಂಡ್ ಯಾರಾದ್ರೂ ಬಾಯಿಪಾಠ ಮಾಡ್ತಾರಾ ಅಂತ ಟೀಮಲ್ಲಿ ಎಲ್ರೂ ಕೇಳಿದ್ರು. ಬೆಂಗಳೂರಲ್ಲಿ ಕೂತವರಿಗೆ ಅದು ಸರಿ. ನಾನಿರೋದು ಕೊಡಗಿನ ಮಾದಾಪುರದ ಕಡೆ, ಮೇನ್ ರೋಡಿಂದ ಒಳಗೆ ತೋಟದ ಮನೇಲಿ. ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟ್ ಮಳೇಲಿ, ಸಿಲ್ವರ್ ಓಕ್ ಮುರಿದು ಲೈನ್ ಮೇಲೆ ಬಿತ್ತು ಅಂದ್ರೆ ಎರಡು ಮೂರು ದಿನ ಕರೆಂಟ್ ಮರೆತುಬಿಡಿ, ಟವರ್ ಬ್ಯಾಟರಿ ಮುಗಿದ್ರೆ ಸಿಗ್ನಲ್ಲೂ ಇಲ್ಲ. ಮನೆ ಹಿಂದೆ ಏರು ಹತ್ತಿದ್ರೆ ದೂರದ ಇನ್ನೊಂದು ಟವರಿಂದ ಟೂಜಿ ಸಿಗುತ್ತೆ. ಅದರಲ್ಲಿ ಎಸ್‌ಎಸ್‌ಎಚ್ (ದೂರದ ಸರ್ವರ್ ಒಳಗೆ ಹೋಗಿ ಕಮಾಂಡ್ ಕೊಡೋ ದಾರಿ) ನಡೆಯುತ್ತೆ, ಬರೀ ಅಕ್ಷರ ತಾನೇ, ಆದ್ರೆ ಬ್ರೌಸರ್‌ನಲ್ಲಿ ಒಂದು ಪೇಜ್ ಬಿಚ್ಚಲ್ಲ. ಸರ್ವರ್ ಒಳಗೆ ಹೋಗೋಕಾಗುತ್ತೆ, ಹೋದ ಮೇಲೆ ಟೈಪ್ ಮಾಡೋದು ಏನು ಅನ್ನೋದು ತಲೇಲೇ ಇರ್ಬೇಕು.

ಇದಕ್ಕೆ ಮುಂಚೆ ಸುರಿದ ದುಡ್ಡು ಕಡಿಮೆ ಅಲ್ಲ. ಇನ್ವರ್ಟರ್ ಬ್ಯಾಟರಿಗೆ 25 ಸಾವಿರದ ಹತ್ತಿರ, ಎರಡನೇ ಸಿಮ್ಮು, ಮೂರನೇ ಸಿಮ್ಮು, ಮೇಲೆ ಒಂದು ಆನ್‌ಲೈನ್ ಕೋರ್ಸು 8-9 ಸಾವಿರ ಕೊಟ್ಟು. ಕೋರ್ಸಲ್ಲಿ ವಿಡಿಯೋ ನೋಡ್ತಾ ಎಲ್ಲ ಗೊತ್ತು ಅನ್ಸುತ್ತೆ, ಮುಂದಿನ ವಾರ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ಪರದೆ) ಮುಂದೆ ಕೂತ್ರೆ ತಲೆ ಖಾಲಿ. ಚೀಟ್‌ಶೀಟ್ ಪ್ರಿಂಟ್ ಹಾಕ್ಸಿ ಗೋಡೆಗೆ ಅಂಟಿಸಿದ್ದೆ, ಜುಲೈ ಮುಗಿಯೋದ್ರೊಳಗೆ ಬೂಷ್ಟು ಬಂದು ಅಕ್ಷರ ಕಾಣ್ತಿರ್ಲಿಲ್ಲ. ಆಮೇಲೆ ಅಂಕಿ. ಆಂಡ್ರಾಯ್ಡಲ್ಲಿ ಅಂಕಿಡ್ರಾಯ್ಡ್ ಪೂರ್ತಿ ಫ್ರೀ, ಐಫೋನ್ ಆಪಿಗೆ ಮಾತ್ರ 25 ಡಾಲರ್ ಆಸುಪಾಸು ಕೇಳ್ತಾರೆ.

ಯಾರೋ ಮಾಡಿಟ್ಟ ಡೆಕ್ (ಕಾರ್ಡುಗಳ ಕಟ್ಟು) ಇಳಿಸ್ಕೊಂಡ್ರೆ ಕೆಲಸ ಆಗಲ್ಲ, ಇದನ್ನ ಗಟ್ಟಿಯಾಗಿ ಹೇಳ್ತೀನಿ. ಸಾವಿರದಷ್ಟು ಕಾರ್ಡ್ ಇರೋ ಡೆಕ್ ಒಂದು ಹಾಕ್ಕೊಂಡಿದ್ದೆ, ಅರ್ಧಕ್ಕರ್ಧ ನಾನು ಜನ್ಮದಲ್ಲಿ ಬಳಸದ ಆಪ್ಷನ್‌ಗಳು, ಒಂದು ತಿಂಗಳಲ್ಲಿ ಅಳಿಸಿದೆ. ಈಗ ನನ್ನ ನಿಯಮ ಒಂದೇ, ಕೆಲಸದ ಮಧ್ಯೆ ಒಂದು ಕಮಾಂಡನ್ನ ಎರಡನೇ ಸಲ ಹುಡುಕಬೇಕಾಯ್ತು ಅಂದ್ರೆ ಮಾತ್ರ ಅದಕ್ಕೆ ಕಾರ್ಡ್. ಮತ್ತೆ ಕಾರ್ಡಲ್ಲಿ 'ಟಾರ್ ಅಂದ್ರೇನು' (ಫೈಲುಗಳನ್ನ ಗಂಟು ಕಟ್ಟೋ, ಬಿಚ್ಚೋ ಕಮಾಂಡ್ ಅದು) ಅಂತ ಕೇಳ್ಬಾರ್ದು, ಪರಿಸ್ಥಿತಿ ಕೊಡ್ಬೇಕು: 'ಜಿಜಿಪ್ ಆರ್ಕೈವ್ ಬಂದಿದೆ, ಬಿಚ್ಚದೆ ಒಳಗೇನಿದೆ ನೋಡು'. ಉತ್ತರ ಟಾರ್ ಮೈನಸ್ ಟಿಜಡ್‌ಎಫ್, ಎಫ್ ಕೊನೇಲಿ ಯಾಕಂದ್ರೆ ಅದರ ಹಿಂದೇನೇ ಫೈಲ್ ಹೆಸರು ಬರ್ಬೇಕು. ಆರ್‌ಸಿಂಕಲ್ಲಿ (ಫೈಲ್ ಕಾಪಿ ಮಾಡೋ ಕಮಾಂಡ್) ಸೋರ್ಸ್ ಫೋಲ್ಡರ್ ಕೊನೆಗೆ ಸ್ಲ್ಯಾಶ್ ಇದ್ರೆ ಒಳಗಿನದ್ದು ಮಾತ್ರ ಹೋಗುತ್ತೆ, ಇಲ್ದಿದ್ರೆ ಫೋಲ್ಡರ್ ಸಮೇತ ಹೋಗುತ್ತೆ, ಇಂಥದ್ದಕ್ಕೆ ಎರಡು ಬೇರೆ ಬೇರೆ ಕಾರ್ಡ್, ಒಂದರಲ್ಲೇ ತುರುಕಿದ್ರೆ ಎರಡೂ ನಿಲ್ಲಲ್ಲ. ಗಿಟ್ ರೀಸೆಟ್‌ನ (ಕೋಡನ್ನ ಹಳೇ ಹಂತಕ್ಕೆ ಒಯ್ಯೋದು) ಸಾಫ್ಟ್, ಮಿಕ್ಸ್ಡ್, ಹಾರ್ಡ್ ಮೂರಕ್ಕೆ ಮೂರು ಕಾರ್ಡ್.

ಇನ್ನು ನೋಡಿ ತಲೆ ಆಡಿಸೋದಲ್ಲ, ಟೈಪ್ ಮಾಡ್ಲೇಬೇಕು. ಕಾರ್ಡ್ ಟೆಂಪ್ಲೇಟಲ್ಲೇ ಆ ಸೌಲಭ್ಯ ಇದೆ, ಸರಿ ಇದ್ದದ್ದು ಹಸಿರು, ತಪ್ಪಿದ್ದು ಕೆಂಪು ತೋರಿಸುತ್ತೆ. ಮೊಬೈಲಿನ ಸಾಮಾನ್ಯ ಕೀಬೋರ್ಡ್ ಮೊದಲಕ್ಷರ ದೊಡ್ಡದು ಮಾಡಿ ಜೀವ ತಿನ್ನುತ್ತೆ, ಹ್ಯಾಕರ್ಸ್ ಕೀಬೋರ್ಡ್ ಹಾಕ್ಕೊಳ್ಳಿ. 

ಸೆಟ್ಟಿಂಗ್ ಬಗ್ಗೆ. ದಿನಕ್ಕೆ ಹೊಸ ಕಾರ್ಡ್ 20 ಅಂತ ಮೊದಲೇ ಇರುತ್ತೆ, ಕೆಲಸಕ್ಕೆ ಹೋಗೋರಿಗೆ ಅದು ಜಾಸ್ತಿ, ನಾನು 4-5ಕ್ಕೆ ಇಳಿಸಿದೀನಿ. 2023ರಲ್ಲಿ ಎಫ್‌ಎಸ್‌ಆರ್‌ಎಸ್ (ಯಾವ ಕಾರ್ಡ್ ಯಾವಾಗ ತೋರಿಸ್ಬೇಕು ಅನ್ನೋ ಹೊಸ ಲೆಕ್ಕ) ಬಂದ ಮೇಲೆ ಅದನ್ನೇ ಆನ್ ಮಾಡ್ಕೊಂಡೆ, ಹಳೇ ಎಸ್‌ಎಂ-2 ಲೆಕ್ಕಕ್ಕಿಂತ ರಿವ್ಯೂ ಕಡಿಮೆ ಬರ್ತಿದೆ. ನೆನಪಿನ ಗುರಿ 90 ಪರ್ಸೆಂಟಲ್ಲೇ ಬಿಡಿ. 95 ಮಾಡಿ ನೋಡಿದೆ, ದಿನದ ರಿವ್ಯೂ ಹತ್ತಿರ ಹತ್ತಿರ ಡಬಲ್ ಆಯ್ತು, ಕಾಫಿ ಕುಯ್ಲು ಸಮಯದಲ್ಲಿ ಅಷ್ಟು ಟೈಮ್ ಯಾರಿಗಿದೆ? 8 ಸಲ ಮರೆತ ಕಾರ್ಡನ್ನ ಅಂಕಿ ತಾನೇ ಲೀಚ್ ಅಂತ ಗುರುತು ಹಾಕುತ್ತೆ, ಜಿಗಣೆ! ಕಾಲಿಗೆ ಹತ್ತಿದ ಜಿಗಣೆ ಥರಾನೇ ಅದು ನಿಮ್ಮ ಟೈಮ್ ಹೀರ್ತಾ ಇರುತ್ತೆ, ಹಾಗೇ ಬಿಡಬೇಡಿ, ಕಿತ್ತು ಬೇರೆ ಥರ ಬರೀರಿ.

ಮಧ್ಯೆ ಬೇರೆ ಪ್ರಯೋಗಾನೂ ಮಾಡಿದೆ. ವಿಮ್ ಅನ್ನೋ ಎಡಿಟರಿನ ಕೀಗಳಿಗೆ ಕಾರ್ಡ್ ಮಾಡಿದ್ದು ವೇಸ್ಟ್, ಅದು ಬೆರಳಿಗೆ ಬರ್ಬೇಕಾದ ವಿದ್ಯೆ, ಎಡಿಟರಲ್ಲೇ ಕೂತು ಮಾಡ್ಬೇಕು. ಕ್ರಾನ್‌ನ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋದು) ಐದು ಜಾಗ, ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ, ಇದು ಒಂದೇ ವಾರದಲ್ಲಿ ಕೂತ್ಕೊಂಡುಬಿಡ್ತು. ಚಿಕ್ಕಪ್ಪನ ಮಗಳಿಗೆ ಪಿಯುಸಿ ಕೆಮಿಸ್ಟ್ರಿಗೆ ಡೆಕ್ ಮಾಡ್ಕೊಟ್ಟೆ, "ಅಣ್ಣ, ನೀವೇ ಬರೆದ ಕಾರ್ಡ್ ನಂಗೆ ನೆನಪಿರಲ್ಲ" ಅಂದ್ಲು, ತಾನೇ ಬರೆಯೋಕೆ ಶುರು ಮಾಡಿದ ಮೇಲೆ ಸರಿಹೋಯ್ತು. ನಾನು ಡೆಕ್ ಬಗ್ಗೆ ಹೇಳಿದ್ದೂ ಅದೇ.

ಟೀಮಿನವರು ಬಾಯಿ ಮುಚ್ಚಿದ್ದು ಹೋದ ಮಳೆಗಾಲದಲ್ಲಿ. ಕ್ಲೈಂಟ್ ಸರ್ವರ್ ಡಿಸ್ಕ್ ಫುಲ್, ಬೆಂಗಳೂರಲ್ಲಿದ್ದವನು ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿದ್ದಾನೆ, ಆದ್ರೂ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸೋ ಡಿಎಫ್ ಹೊಡೆದ್ರೆ 100 ಪರ್ಸೆಂಟೇ. ನಾನು ಕೊಡೆ ಹಿಡ್ಕೊಂಡು ಏರಿನ ಮೇಲೆ, ಫೋನಲ್ಲಿ ಟರ್ಮಕ್ಸ್ ಅನ್ನೋ ಟರ್ಮಿನಲ್ ಆಪ್. ಎಲ್‌ಎಸ್‌ಓಎಫ್ ಪ್ಲಸ್ ಎಲ್1 ಅಂತ ಹೊಡೆದೆ, ಡಿಲೀಟ್ ಆಗಿಯೂ ಒಂದು ಪ್ರೋಸೆಸ್ ಕೈಯಲ್ಲಿ ಓಪನ್ ಇರೋ ಫೈಲ್ ತೋರಿಸ್ತು, ಆ ಸರ್ವೀಸ್ ರೀಸ್ಟಾರ್ಟ್ ಮಾಡಿದೆ, ಜಾಗ ವಾಪಸ್ ಬಂತು. ಹೆಚ್ಚಂದ್ರೆ ಐದು ನಿಮಿಷ. ಆ ಕಾರ್ಡ್ ನಂಗೆ ಕೊನೇ ಸಲ ಬಂದಿದ್ದು ಅದಕ್ಕೆ ಮೂರ್ನಾಲ್ಕು ತಿಂಗಳ ಹಿಂದೆ. ಇವರು ಅಷ್ಟೊತ್ತಿಗೆ ಎಐ ಹತ್ರ ಕೇಳಿ ಕೇಳಿ ಇನ್ನೂ ಫೈಲ್ ಡಿಲೀಟ್ ಮಾಡ್ತಾನೇ ಇದ್ರು.

ಈಗ ಡೆಕ್ಕಲ್ಲಿ 400ರ ಮೇಲಿದೆ, ದಿನಕ್ಕೆ ಹತ್ತು ನಿಮಿಷ, ಬೆಳಗ್ಗೆ ಕಾಫಿ ಜೊತೆ. ಟೀಮಲ್ಲಿ ಇಬ್ಬರು ಡೆಕ್ ಕಳಿಸು ಅಂತ ಹಿಂದೆ ಬಿದ್ದಿದ್ದಾರೆ, ಕೊಡಲ್ಲ ಅಂದಿದೀನಿ, ಕಾರ್ಡ್ ಬರೆಯೋದು ಹೇಗೆ ಅಂತ ಬೇಕಾದ್ರೆ ಒಂದು ಭಾನುವಾರ ಕೂತು ತೋರಿಸ್ತೀನಿ.