ಚುಕ್ಕಿ ಸರಿಯಿತಾ? ಕ್ಷುದ್ರಗ್ರಹ ಹುಡುಕುವುದು ಹೀಗೆ

1852ರ ನವೆಂಬರ್ 15. ಪ್ಯಾರಿಸ್‌ನ ಕೆಫೆ ಪ್ರೊಕೋಪ್ ಮೇಲಿನ ಮನೆಯಲ್ಲಿದ್ದ ಚಿತ್ರಕಾರ ಹರ್ಮನ್ ಗೋಲ್ಡ್‌ಶ್ಮಿಟ್ ತನ್ನ ಪುಟ್ಟ ದೂರದರ್ಶಕದಲ್ಲಿ ಒಂದು ಚುಕ್ಕಿ ಕಂಡ. ನೋಡಲು ನಕ್ಷತ್ರದಂತೆಯೇ ಇತ್ತು. ಮುಂದಿನ ರಾತ್ರಿಗಳಲ್ಲಿ ನೋಡಿದರೆ ಜಾಗ ಬದಲಿಸಿತ್ತು! ಅದೇ 21ನೇ ಕ್ಷುದ್ರಗ್ರಹ ಲುಟೇಶಿಯಾ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯಲ್ಲಿ ಸುತ್ತುವ ಬಂಡೆ. ಆಮೇಲೆ ಆತ ಇನ್ನೂ 13 ಹುಡುಕಿದ.

ಈಗ ದೂರದರ್ಶಕವೂ ಬೇಕಿಲ್ಲ, ಲ್ಯಾಪ್‌ಟಾಪ್ ಸಾಕು. ಮೊದಲು ಗೆಳೆಯರ ತಂಡ ಕಟ್ಟಿಕೊಂಡು ಐಎಎಸ್‌ಸಿ ಎಂಬ ಅಂತರರಾಷ್ಟ್ರೀಯ ಹುಡುಕಾಟ ಯೋಜನೆಗೆ ಹೆಸರು ಕೊಡಿ. ದುಡ್ಡು ಕೊಡಬೇಕಿಲ್ಲ. ಹವಾಯಿಯ ಪ್ಯಾನ್‌ಸ್ಟಾರ್ಸ್ ದೂರದರ್ಶಕ ತೆಗೆದ ಚಿತ್ರಗಳು ನಿಮಗೆ ಬರುತ್ತವೆ. ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರಗಳು, ಸ್ವಲ್ಪ ಹೊತ್ತಿನ ಅಂತರದಲ್ಲಿ ತೆಗೆದವು.

ಅವನ್ನು ಆಸ್ಟ್ರೊಮೆಟ್ರಿಕಾ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು ಒಂದರ ಹಿಂದೆ ಒಂದು ಓಡಿಸಿ. ನಕ್ಷತ್ರಗಳು ಅಲ್ಲಾಡುವುದಿಲ್ಲ. ಯಾವುದೋ ಒಂದು ಚುಕ್ಕಿ ಮಾತ್ರ ಸರಿಯುತ್ತದೆ. ಮುಖ್ಯ ಪಟ್ಟಿಯ ಬಂಡೆ ನಮಗೆ ಚೆನ್ನಾಗಿ ಕಾಣುವಾಗ ದಿನಕ್ಕೆ ಸುಮಾರು ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ದೂರ ಸಾಗುತ್ತದೆ. ಅಂದರೆ ಎರಡು ಚಿತ್ರಗಳ ನಡುವಿನ ಸ್ವಲ್ಪ ಹೊತ್ತಿನಲ್ಲಿ ನಿಮ್ಮ ಪರದೆಯ ಮೇಲೆ ತುಸುವೇ ಸರಿದಂತೆ. ಕಣ್ಣು ನೋಯುತ್ತದೆ, ನಿಜ.

ಮೋಸ ಹೋಗುವುದು ಇಲ್ಲೇ ಜಾಸ್ತಿ. ಕ್ಯಾಮೆರಾದ ಕೆಟ್ಟ ಪಿಕ್ಸೆಲ್, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಬಡಿದ ಗುರುತು, ಎಲ್ಲವೂ ಚುಕ್ಕಿಯಂತೆಯೇ ಕಾಣುತ್ತವೆ. ನಾಲ್ಕೂ ಚಿತ್ರಗಳಲ್ಲಿ ಚುಕ್ಕಿ ದುಂಡಗಿದೆಯಾ? ಹೊಳಪು ಹೆಚ್ಚುಕಮ್ಮಿ ಒಂದೇ ಇದೆಯಾ? ನೇರ ಗೆರೆಯಲ್ಲಿ ಒಂದೇ ವೇಗದಲ್ಲಿ ಸಾಗಿದೆಯಾ? ಒಂದರಲ್ಲಿ ಅನುಮಾನ ಬಂದರೂ ಸುಮ್ನೆ ಬಿಟ್ಟುಬಿಡಿ. ಎಲ್ಲ ಸರಿಯಿದ್ದರೆ ಗೊತ್ತಿರುವ ಕ್ಷುದ್ರಗ್ರಹಗಳ ಪಟ್ಟಿಯ ಜೊತೆ ಹೋಲಿಸಿ. ಓಡಾಡುವ ಬಹುತೇಕ ಚುಕ್ಕಿಗಳು ಅಲ್ಲಿ ಆಗಲೇ ಇರುತ್ತವೆ.

ಇಲ್ಲವೇ? ಹಾಗಾದರೆ ವರದಿ ಕಳಿಸಿ. ವರದಿಗಳೆಲ್ಲ ಕೊನೆಗೆ ಸೇರುವುದು ಕ್ಷುದ್ರಗ್ರಹಗಳ ಲೆಕ್ಕ ಇಡುವ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರ್‌ಗೆ. ಅಲ್ಲೂ ಗೋಲ್ಡ್‌ಶ್ಮಿಟ್‌ನ ಪಾಠವೇ: ಒಂದು ರಾತ್ರಿ ಕಂಡರೆ ಸಾಲದು, ಇನ್ನೊಂದು ರಾತ್ರಿಯೂ ಸಿಗಬೇಕು. ಆಗ ತಾತ್ಕಾಲಿಕ ಗುರುತು ಸಿಗುತ್ತದೆ. ವರ್ಷಗಟ್ಟಲೆ ಹಿಂಬಾಲಿಸಿ ಕಕ್ಷೆ ಖಚಿತವಾದ ಮೇಲೆ ಕಾಯಂ ಸಂಖ್ಯೆ.

ಹೆಸರು ಸೂಚಿಸಲು ಕಂಡುಹಿಡಿದವರಿಗೆ 10 ವರ್ಷ ಸಮಯವಿರುತ್ತದೆ. ಹೆಸರು 16 ರೋಮನ್ ಅಕ್ಷರ ಮೀರುವಂತಿಲ್ಲ. ರಾಜಕಾರಣಿಯ ಹೆಸರಾದರೆ ಆ ವ್ಯಕ್ತಿ ಸತ್ತು 100 ವರ್ಷ ಆಗಿರಬೇಕು. ಮನೆಯ ಬೆಕ್ಕಿನ ಹೆಸರೂ ಬೇಡ ಅನ್ನುತ್ತಾರೆ. 2309ನೆಯದಕ್ಕೆ ಮಾತ್ರ ಮಿಸ್ಟರ್ ಸ್ಪಾಕ್ ಎಂಬ ಬೆಕ್ಕಿನ ಹೆಸರೇ ಉಳಿದುಕೊಂಡಿದೆ.