ಕಾರಿನ ಹಿಂದೆ ಟ್ರೇಲರ್, ಟ್ರೇಲರಿನ ಮುಂದೆ ಭಾರ

ನಮ್ಮೂರು ಶಿರಸಿ. ಈಗ ಇರುವುದು ಗೋವಾದ ಕೇಪೆಂನಲ್ಲಿ. ಮನೆ ಹಿಂದಿನ ಜಾಗದಲ್ಲಿ ಊರಿನ ಅಡಿಕೆ ಸಸಿಯನ್ನೇ ನೆಡಬೇಕು ಅಂತ ಬಹಳ ದಿನದ ಆಸೆ. ಬರೀ ಐವತ್ತು ಸಸಿಗೆ ಟೆಂಪೊ ಮಾಡಿದರೆ ಬಾಡಿಗೆಯೇ ಜಾಸ್ತಿ. ಅದಕ್ಕೇ ನಮ್ಮ 1.2 ಲೀಟರ್ ಪೆಟ್ರೋಲ್ ಕಾರಿಗೆ ಹಳೆಯದೊಂದು ಸಣ್ಣ ಟ್ರೇಲರ್ ಕೊಂಡೆ. ಎರಡೇ ಗಾಲಿ, ಖಾಲಿ ತೂಕ 130 ಕೆಜಿ, ಬ್ರೇಕ್ ಇಲ್ಲ.

ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಂಡೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ತೂಕ ಎಳೆಯಬಹುದು ಅಂತ ಇದೆಯಾ ಅನ್ನುವುದು ಒಂದು. ಎಳೆಯಬೇಡಿ ಅಂತ ಬರೆದಿದ್ದರೆ ಆಸೆ ಬಿಟ್ಟುಬಿಡುತ್ತಿದ್ದೆ. ಇನ್ನೊಂದು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ ಟ್ರೇಲರೂ ಒಂದು ವಾಹನವೇ, ಅದಕ್ಕೂ ನೋಂದಣಿ ಬೇಕು.

ಸೆಪ್ಟೆಂಬರ್‌ನಲ್ಲಿ ನಾನು, ಭಾವ ಇಬ್ಬರೂ ಶಿರಸಿಗೆ ಹೋದೆವು. ಪ್ಲಾಸ್ಟಿಕ್ ಕೊಟ್ಟೆಯಲ್ಲಿದ್ದ ಐವತ್ತು ಸಸಿ, ಒಂದೊಂದೂ ಸುಮಾರು 2 ಕೆಜಿ. ಜೊತೆಗೆ 40 ಕೆಜಿಯ ಮೂರು ಚೀಲ ಎರೆಗೊಬ್ಬರ. ಸಸಿಗಳನ್ನು ಮುಂದೆ ಜೋಡಿಸಿದೆವು. ಇಳಿಸಲು ಸುಲಭ ಅಂತ ಚೀಲಗಳನ್ನು ಹಿಂದೆ ಹಾಕಿದೆವು. ದೇವಿಮನೆ ಘಟ್ಟವನ್ನು ಎರಡನೇ ಗೇರಿನಲ್ಲೇ ಇಳಿದೆ. ಟ್ರೇಲರಿಗೆ ಬ್ರೇಕ್ ಇಲ್ಲ ಅಂದರೆ ಅದರ ಭಾರವನ್ನೂ ಕಾರಿನ ಬ್ರೇಕೇ ತಡೆಯಬೇಕು. ಸುಮ್ನೆ ಬ್ರೇಕ್ ತುಳಿಯುತ್ತಾ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಅದಕ್ಕೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಕುಮಟಾ, ಅಂಕೋಲಾ, ಕಾರವಾರ, ಎಲ್ಲೂ ಏನೂ ತೊಂದರೆ ಆಗಲಿಲ್ಲ.

ಕಾರವಾರದಲ್ಲಿ ಅತ್ತೆ ಮನೆ. ಅವರಿಗೆ ಬೇಕಾಗಿದ್ದ ನಲವತ್ತು ಸಸಿಯನ್ನು ಅಲ್ಲಿ ಇಳಿಸಿದೆವು. ಭಾರ ಕಡಿಮೆ ಆಯಿತಲ್ಲ, ಇನ್ನು ಹಗುರವಾಗಿ ಹೋಗಬಹುದು ಅಂದುಕೊಂಡೆವು.

ಪೋಳೆಂ ಗಡಿ ದಾಟಿ ಕಾಣಕೋಣ ಬೈಪಾಸಿಗೆ ಬಂದೆವು. ಅಗಲವಾದ, ನೇರವಾದ ರಸ್ತೆ. ಗೊತ್ತಿಲ್ಲದೇ ವೇಗ 70ಕ್ಕೆ ಏರಿತ್ತು. ಗಾಲ್ಜಿಬಾಗ್ ಸೇತುವೆ ದಾಟುವಾಗ ಬದಿಗಾಳಿ ಬೀಸಿತು, ಹಿಂದಿನಿಂದ ಯಾರೋ ಕಾರನ್ನು ಅತ್ತ ಇತ್ತ ದೂಡಿದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಟ್ರೇಲರ್ ಬಾಲದಂತೆ ಎಡಕ್ಕೂ ಬಲಕ್ಕೂ ಆಡುತ್ತಿದೆ. ಪ್ರತಿ ಸಲವೂ ಇನ್ನಷ್ಟು ಜೋರಾಗಿ. ಎದೆ ಬಾಯಿಗೆ ಬಂದಿತ್ತು.

"ಬ್ರೇಕ್ ಹಾಕಬೇಡ!" ಅಂತ ಭಾವ ಕೂಗಿದರು. ಅವರು ಟ್ರ್ಯಾಕ್ಟರ್ ಓಡಿಸಿದವರು. ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಸ್ಟಿಯರಿಂಗ್ ನೇರ ಹಿಡಿದೆ. ಅದು ಆಡಿದಂತೆಲ್ಲ ನಾನೂ ತಿರುಗಿಸಲು ಹೋಗಲಿಲ್ಲ. ವೇಗ 45ಕ್ಕೆ ಇಳಿದಾಗ ಟ್ರೇಲರ್ ತಾನೇ ನೆಟ್ಟಗಾಯಿತು.

ಬದಿಗೆ ನಿಲ್ಲಿಸಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಅತ್ತೆ ಮನೆಯಲ್ಲಿ ಇಳಿಸಿದ 80 ಕೆಜಿ ಪೂರ್ತಿ ಆಕ್ಸಲಿನ, ಅಂದರೆ ಎರಡೂ ಗಾಲಿಯನ್ನು ಜೋಡಿಸುವ ಅಡ್ಡ ದಂಡದ, ಮುಂದಿದ್ದ ಭಾರ. ಮುಂದೆ ಉಳಿದಿದ್ದು ಹತ್ತು ಸಸಿಯ 20 ಕೆಜಿ, ಹಿಂದೆ 120 ಕೆಜಿ ಗೊಬ್ಬರ. ಅದು ಹಿಂದೆ ಜಗ್ಗಿ ಟ್ರೇಲರಿನ ಮೂತಿಯನ್ನು, ಅಂದರೆ ಕಾರಿನ ಕೊಂಡಿಗೆ ಸಿಕ್ಕಿಸುವ ಮುಂತುದಿಯನ್ನು, ಮೇಲಕ್ಕೆ ಎತ್ತುತ್ತಿತ್ತು. ಮೂತಿ ಕಾರಿನ ಮೇಲೆ ಭಾರ ಬಿಟ್ಟು ಕೂತಿದ್ದರೆ ಮಾತ್ರ ಟ್ರೇಲರ್ ನೇರ ಬರುತ್ತದೆ. ಒಟ್ಟು ತೂಕ ಕಡಿಮೆಯಾಗಿದ್ದೇನೋ ನಿಜ, ಆದರೆ ಅಪಾಯ ಹೆಚ್ಚಾಗಿತ್ತು. ಎಷ್ಟು ಭಾರ ಅನ್ನುವುದರ ಮೇಲಷ್ಟೇ ನನ್ನ ಗಮನ ಇತ್ತು, ಎಲ್ಲಿದೆ ಅನ್ನುವುದರ ಮೇಲಲ್ಲ.

ಅಲ್ಲೇ ಚೀಲಗಳನ್ನು ಆಕ್ಸಲಿಗಿಂತ ಸ್ವಲ್ಪ ಮುಂದಕ್ಕೆ ಎಳೆದು ಹಗ್ಗ ಬಿಗಿದೆವು. ಆಮೇಲೆ ಕರ್ಮಲ್ ಘಾಟಿನ ತಿರುವುಗಳಲ್ಲೂ ಟ್ರೇಲರ್ ಕದಲಲಿಲ್ಲ.

ಈಗ ಪ್ರತಿ ಸಲವೂ ಮೂತಿಯ ತೂಕ ನೋಡಿಯೇ ಹೊರಡುವುದು. ಮನೆಯ ತೂಕದ ಯಂತ್ರವನ್ನು ಮೂತಿಯ ಕೆಳಗಿಟ್ಟು, ಮೇಲೊಂದು ಮರದ ತುಂಡು ನಿಲ್ಲಿಸುತ್ತೇನೆ. ಟ್ರೇಲರ್ ಕಾರಿಗೆ ಕಟ್ಟಿದಾಗ ಇರುವಷ್ಟೇ ಎತ್ತರದಲ್ಲಿ, ಮಟ್ಟವಾಗಿ ನಿಲ್ಲಬೇಕು. ಟ್ರೇಲರ್, ಸಾಮಾನು ಸೇರಿದ ಒಟ್ಟು ತೂಕದ ಹತ್ತನೇ ಒಂದು ಭಾಗ ಅಲ್ಲಿ ಬಂದರೆ ಸಾಕು. 300 ಕೆಜಿಗೆ 30. ತೀರಾ ಜಾಸ್ತಿಯಾದರೂ ಕಷ್ಟ, ಕಾರಿನ ಹಿಂಭಾಗ ಕುಸಿದು ದೀಪ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಟ್ರೇಲರನ್ನು ಕಾರಿಗೆ ಕಟ್ಟುವ ಸರಪಳಿ ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ಹಾಕಿ ಸಿಕ್ಕಿಸುತ್ತೇನೆ. ಕೊಂಡಿ ಕಳಚಿದರೂ ಮೂತಿ ರಸ್ತೆಗೆ ಬಡಿಯದೆ ಸರಪಳಿ ಮೇಲೆ ಕೂರಲಿ ಅಂತ. ನಿಂತಲ್ಲೆಲ್ಲ ಗಾಲಿಯ ನಡುಭಾಗ ಕಾದಿದೆಯಾ ಅಂತ ಕೈ ಹತ್ತಿರ ಹಿಡಿದು ನೋಡುತ್ತೇನೆ. ಗಾಲಿ ಸಣ್ಣದು, ಜಾಸ್ತಿ ಸುತ್ತು ತಿರುಗುತ್ತದೆ, ಬೇರಿಂಗ್ ಬೇಗ ಬಿಸಿಯಾಗುತ್ತದೆ.

ರಿವರ್ಸ್ ಮಾತ್ರ ಕೈಗೆ ಹತ್ತಲು ತಿಂಗಳೇ ಬೇಕಾಯಿತು. ಟ್ರೇಲರ್ ಗಿಡ್ಡವಾದಷ್ಟೂ ಬೇಗ ಕಾರಿಗೆ ಅಡ್ಡವಾಗಿ ಮಡಚಿಕೊಳ್ಳುತ್ತದೆ. ಭಾನುವಾರ ಬೆಳಗ್ಗೆ ಖಾಲಿ ಮೈದಾನದಲ್ಲಿ ಇಟ್ಟಿಗೆ ಇಟ್ಟು ಅಭ್ಯಾಸ ಮಾಡಿದೆ. ಸ್ಟಿಯರಿಂಗಿನ ಕೆಳಭಾಗ ಹಿಡಿಯಬೇಕು, ಕೈ ಯಾವ ಕಡೆ ಹೋಗುತ್ತದೋ ಟ್ರೇಲರಿನ ಹಿಂಬದಿ ಆ ಕಡೆ ಹೋಗುತ್ತದೆ. ಮಡಚಿಕೊಳ್ಳಲು ಶುರುವಾದರೆ ಹಟ ಮಾಡಬಾರದು. ಮುಂದಕ್ಕೆ ಹೋಗಿ ನೇರ ಮಾಡಿ ಮತ್ತೆ ಹಿಂದೆ ಬರುವುದು.

ಹತ್ತರಲ್ಲಿ ಒಂಬತ್ತು ಸಸಿ ಚಿಗುರಿವೆ. ಬರುವ ಜೂನ್‌ಗೆ ಇನ್ನು ಮೂವತ್ತು ತರಬೇಕು. ಟ್ರೇಲರಿನ ನೆಲದಲ್ಲಿ ಆಕ್ಸಲ್ ಇರುವ ಜಾಗಕ್ಕೆ ಕೆಂಪು ಪೇಂಟಿನಲ್ಲಿ ಗೆರೆ ಎಳೆದಿದ್ದೇನೆ. ಅತ್ತೆಯ ಪಾಲನ್ನು ಈ ಸಲ ಆ ಗೆರೆಯ ಎರಡೂ ಕಡೆ ಸಮನಾಗಿ ಇಡುತ್ತೇನೆ.