ಶ್ರುತಿ ಅಂದುಕೊಂಡದ್ದೇ ಹಾಡಾಗಿತ್ತು

ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತಮೇಲೆ ಪಾಶ್ಚಾತ್ಯ ಸಂಗೀತದ ಇತಿಹಾಸ ಓದಲು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಸೇರಿದೆ. ಮೊದಲು ಎಡವಿದ್ದು ಪೆರೋಟಿನ್ ಎಂಬ ರಚನಕಾರನ ‘ವಿಡೆರುಂಟ್ ಓಮ್ನೆಸ್’ ಕೇಳಿದಾಗ. 1200ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನಲ್ಲಿ ಹುಟ್ಟಿದ ನಾಲ್ಕು ದನಿಗಳ ರಚನೆ ಅದು. ಕೆಳಗಿನ ದನಿ ಒಂದೇ ಸ್ವರ ಹಿಡಿದು ನಿಂತಿದೆ, ಮೇಲಿನ ಮೂರು ಕುಣಿಯುತ್ತಿವೆ. ‘ತಂಬೂರಿಯ ಹಾಗೆ ಶ್ರುತಿ’ ಅಂತ ಬರೆದುಕೊಂಡೆ. ಬಹಳ ಹೊತ್ತಾದ ಮೇಲೆ ಆ ಶ್ರುತಿಯೇ ಜಾಗ ಬಿಟ್ಟು ಸರಿಯಿತು! ಕಾಲ ಕೆಳಗಿನ ನೆಲ ಜಾರಿದಂತಾಯಿತು.

ನಮ್ಮ ಪ್ರಾಧ್ಯಾಪಕಿ ಹಳೆಯ ಒಂಟಿದನಿಯ ಚರ್ಚ್ ಹಾಡನ್ನು ಪಕ್ಕದಲ್ಲಿಟ್ಟು ತೋರಿಸಿದರು. ಕೆಳಗಿನವರು ಹಾಡುತ್ತಿದ್ದದ್ದು ಅದನ್ನೇ. ಒಂದೊಂದು ಸ್ವರವನ್ನೂ ಅಷ್ಟು ಹಿಗ್ಗಿಸಿದ್ದರಿಂದ ನನಗೆ ಹಾಡು ಅನ್ನಿಸಿರಲಿಲ್ಲ, ಅಷ್ಟೇ.

ಅಂದಿನಿಂದ ಓದುವ ಕ್ರಮ ಬದಲಿಸಿದೆ. ಪುಸ್ತಕ ಆಮೇಲೆ, ಮೊದಲು ಕೆಳಗಿನ ದನಿಯನ್ನು ನಾನೇ ಹಾಡಿ ಬಾಯಿಪಾಠ ಮಾಡುವುದು, ನಂತರ ರೆಕಾರ್ಡಿಂಗ್ ಹಾಕಿ ಅದರ ಜೊತೆ ಹಾಡುವುದು. ಕಿವಿ ಮೇಲಿನ ದನಿಗೆ ಜಾರಿದರೆ ನಿಲ್ಲಿಸಿ ಮತ್ತೆ ಮೊದಲಿಂದ. ಜರ್ಮನ್ ರಚನಕಾರ ಬಾಖ್‌ನ ಸಿ ಮೈನರ್ ಫ್ಯೂಗ್‌ಗೆ (ಒಂದೇ ಎಳೆಯನ್ನು ದನಿಗಳು ಒಂದರ ನಂತರ ಒಂದು ಎತ್ತಿಕೊಳ್ಳುವ ರಚನೆ; ಇದು 1722ರದ್ದು) ಮೂರು ಬಣ್ಣದ ಪೆನ್ಸಿಲ್ ಹಿಡಿದೆ. ನಡುವಿನ ದನಿಯಲ್ಲಿ ಶುರುವಾದ ಎಳೆ ಮೇಲಿನದಕ್ಕೆ ಹೋಗಿ, ಕೊನೆಗೆ ಕೆಳಗಿಳಿಯುತ್ತದೆ: ಹಸಿರು, ಕೆಂಪು, ನೀಲಿ. ನೀಲಿ ಬಂದಾಗ ಹಸಿರು ಏನು ಮಾಡುತ್ತಿದೆ ಅಂತ ಸ್ವರಪುಟ ನೋಡದೆ ಹೇಳಲು ನನಗೆ ಎರಡು ವಾರ ಬೇಕಾಯಿತು. ಒಂದೇ ದನಿಯ ಗಮಕಗಳಲ್ಲಿ ಬೆಳೆದ ಕಿವಿಗೆ ಇದು ನಿಜಕ್ಕೂ ಹೊಸ ಕಸರತ್ತು.

ಇಸವಿಗಳು ನೆನಪಲ್ಲಿ ನಿಂತದ್ದು ಗೋಡೆಗೆ ಅಂಟಿಸಿದ ಉದ್ದ ಕಾಗದದಿಂದ. ಬೀಥೋವನ್ ಹುಟ್ಟಿದ್ದು 1770, ತ್ಯಾಗರಾಜರು 1767. ಪುರಂದರದಾಸರ ಕೊನೆಯ ವರ್ಷ ಎನ್ನುವ 1564ರಲ್ಲಿ ಇಟಲಿಯ ರಚನಕಾರ ಪ್ಯಾಲೆಸ್ಟ್ರೀನಾ ರೋಮಿನಲ್ಲಿದ್ದ. ಇವರಿಗೂ ಅವರಿಗೂ ಸಂಬಂಧವಿತ್ತು ಅಂತಲ್ಲ. ಗೊತ್ತಿರುವ ಹೆಸರಿನ ಪಕ್ಕ ಗೊತ್ತಿಲ್ಲದ್ದನ್ನು ಕೂರಿಸಿದರೆ ಅದು ಮರೆಯುವುದಿಲ್ಲ.

ವರ್ಷದ ಕೊನೆಗೆ ಆಲಿಸುವ ಪರೀಕ್ಷೆ. ಹೆಸರು ಹೇಳದೆ ಎರಡು ನಿಮಿಷ ಕೇಳಿಸುತ್ತಾರೆ. ಕಾಲ, ಊರು, ಕಾರಣ ಬರೆಯಬೇಕು. ಮೂರನೆಯದು ನಾನು ಕೇಳಿಯೇ ಇರದ ರಚನೆ. ಕೆಳಗೆ ಒಂದೇ ಸ್ವರ ನಿಂತಿತ್ತು. ಪೆನ್ನು ಮುಟ್ಟದೆ ಕಾದೆ. ಅದು ಸರಿಯಿತು. ಆಮೇಲೆ ಬರೆದೆ: ಪ್ಯಾರಿಸ್, 1200ರ ಸುಮಾರು.